ಕಳ್ಳನದು ಒಂದು ದಾರಿ, ಬಂಗಾರದ್ದು ಇನ್ನೊಂದು

(ಶಿರಸಿಯಲ್ಲಿ ಹಿರಿಯ ನಾಗರಿಕರ ಕೂಟವೊಂದರಲ್ಲಿ ನಿವೃತ್ತ ಪೊಲೀಸ್ ಸಿಬ್ಬಂದಿಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯ ಭಾಗ ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರ.)

ಎಲ್ಲರಿಗೂ ನಮಸ್ಕಾರ. ಮನೆಗೆ ಕಳ್ಳ ಬಿದ್ದವರು ಠಾಣೆಗೆ ಬಂದು, ಒಂದು ಲೋಟ ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಕೇಳುವ ಪ್ರಶ್ನೆ ಒಂದೇ: "ಸಾಹೇಬ್ರೆ, ನಮ್ಮ ಬಂಗಾರ ವಾಪಸ್ ಸಿಗ್ತದಾ?" ಕಳ್ಳನಿಗೆ ಎಷ್ಟು ವರ್ಷ ಶಿಕ್ಷೆ ಎಂದು ಕೇಳಿದವರನ್ನು ನಾನು ಕಂಡದ್ದು ಕಡಿಮೆ. ಕಾನೂನಿನ ಪುಸ್ತಕ ಮಾತ್ರ ಶಿಕ್ಷೆಯನ್ನೇ ವಿವರವಾಗಿ ಹೇಳುತ್ತದೆ. ಭಾರತೀಯ ನ್ಯಾಯ ಸಂಹಿತೆಯ 331ನೇ ಕಲಂ ಪ್ರಕಾರ ಕಳವಿಗಾಗಿ ರಾತ್ರಿ ಕನ್ನ ಹಾಕಿದವನಿಗೆ 14 ವರ್ಷದವರೆಗೆ, 305ನೇ ಕಲಂ ಪ್ರಕಾರ ವಾಸದ ಮನೆಯಲ್ಲಿ ಕದ್ದದ್ದಕ್ಕೆ 7 ವರ್ಷದವರೆಗೆ ಜೈಲು. ಅಷ್ಟು ಸಾಕು. ಇವತ್ತು ನಾನು ಮಾತಾಡುವುದು ಬಂಗಾರದ ಬಗ್ಗೆ.

ಕಳ್ಳನನ್ನು ಹಿಡಿಯುವುದೂ ಮಾಲನ್ನು ತರುವುದೂ ಒಂದೇ ಕೆಲಸ ಎಂದು ಜನ ತಿಳಿದಿದ್ದಾರೆ. ಕ್ರೈಂ ಕೆಲಸ ಮಾಡಿದವರಿಗೆ ಗೊತ್ತು, ಅವು ಎರಡು ಬೇರೆ ತನಿಖೆಗಳು. ಬಾಗಿಲ ಚಿಲಕ ಮುರಿದವನ ಕೈಯಲ್ಲಿ ನಿಮ್ಮ ಸರ ಇರುವುದು ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಅವನು ಒಂದು ಕಡೆ, ಅದು ಇನ್ನೊಂದು ಕಡೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ವರ್ಷ ವರ್ಷ ಪ್ರಕಟಿಸುವ ಅಂಕಿಅಂಶ ತೆಗೆದು ನೋಡಿ: ದೇಶದಲ್ಲಿ ಕಳುವಾದ ಸೊತ್ತಿನ ಮೌಲ್ಯದಲ್ಲಿ ಅರ್ಧದಷ್ಟೂ ಮರಳಿ ಸಿಗುವುದಿಲ್ಲ. ಆ ಅರ್ಧಕ್ಕಿಂತ ಕಡಿಮೆಯಲ್ಲಿ ನಿಮ್ಮದೂ ಸೇರಬೇಕಾದರೆ ಏನೇನು ಆಗಬೇಕು ಎನ್ನುವುದೇ ಈ ಮಾತಿನ ಸಾರ.

ಮೊದಲು ನಮ್ಮ ಕಡೆಯ ಮನೆಯನ್ನೇ ನೋಡೋಣ. ಕೆಳಗೆ ತೋಟ, ಹಿಂದೆ ಬೆಟ್ಟ, ಕೂಗಿದರೆ ಕೇಳದಷ್ಟು ದೂರದಲ್ಲಿ ಪಕ್ಕದ ಮನೆ. ಮಕ್ಕಳು ಬೆಂಗಳೂರಿನಲ್ಲಿ, ಇಲ್ಲಿ ಇಬ್ಬರೇ ಹಿರಿಯರು. ನೆಂಟರ ಮನೆಯ ಉಪನಯನಕ್ಕೆಂದು ಎರಡು ದಿನ ಹೋಗಿ ಬಂದರೆ ಹಿತ್ತಿಲ ಬಾಗಿಲು ತೆರೆದಿರುತ್ತದೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಯಾವುದು ಗೊತ್ತೇ? ಕಪಾಟಿನಿಂದ ಎಳೆದು ಹಾಕಿದ ಸೀರೆಗಳನ್ನು ಮಡಚಿಡುವುದು, ಕೆಸರು ಹೆಜ್ಜೆ ಬಿದ್ದ ನೆಲ ಒರೆಸುವುದು. "ನೀವೆಲ್ಲ ಬರ್ತೀರಿ ಅಂತ ಸ್ವಲ್ಪ ಚೊಕ್ಕ ಮಾಡಿದೆ" ಎಂದು ಅಮ್ಮಂದಿರು ಹೇಳುವಾಗ ಬೆರಳಚ್ಚಿನವರ ಮುಖ ನೋಡಬೇಕು.

ಬೆರಳಚ್ಚು ನಿಲ್ಲುವುದು ನುಣುಪಾದ ಜಾಗದಲ್ಲಿ: ಸ್ಟೀಲ್ ಕಪಾಟು, ಗಾಜು, ಬಣ್ಣ ಬಳಿದ ಬಾಗಿಲು, ದೇವರ ಕೋಣೆಯ ಹಿತ್ತಾಳೆ ಸಾಮಾನು, ಕಳ್ಳ ನೀರು ಕುಡಿದಿಟ್ಟ ಲೋಟ. ಚಿರೆಕಲ್ಲಿನ ಗೋಡೆಯಿಂದ ಏನೂ ಸಿಗುವುದಿಲ್ಲ. ಹಿಂದೆ ಸಿಕ್ಕ ಅಚ್ಚನ್ನು ಜಿಲ್ಲೆಯ ಹಳೆಯ ಕಳ್ಳರ ಅಚ್ಚಿನ ಜತೆ ಕಣ್ಣಲ್ಲೇ ಹೋಲಿಸುತ್ತಿದ್ದರು. 2022ರಲ್ಲಿ ನಾಫಿಸ್ ಎಂಬ ರಾಷ್ಟ್ರೀಯ ಬೆರಳಚ್ಚು ವ್ಯವಸ್ಥೆ ಬಂದ ಮೇಲೆ ಇಲ್ಲಿ ಸಿಕ್ಕ ಬೆರಳನ್ನು ಬೇರೆ ರಾಜ್ಯದಲ್ಲಿ ಬಂಧನವಾದವನ ಬೆರಳಿನ ಜತೆಗೂ ತಾಳೆ ನೋಡಬಹುದು. ಇದು ಹೊರಗಿನಿಂದ ಬಂದ ವಿದ್ಯೆ ಎಂದುಕೊಳ್ಳಬೇಡಿ. ಜಗತ್ತಿನ ಮೊದಲ ಬೆರಳಚ್ಚು ಬ್ಯೂರೋ ಶುರುವಾದದ್ದು 1897ರಲ್ಲಿ, ಕಲ್ಕತ್ತೆಯಲ್ಲಿ. ಅದರ ವರ್ಗೀಕರಣಕ್ಕೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಉಳಿದದ್ದು ಮಾತ್ರ ಅವರ ಮೇಲಧಿಕಾರಿ ಹೆನ್ರಿ ಸಾಹೇಬನದು. ಇಲಾಖೆಗಳಲ್ಲಿ ಇದೇನು ಹೊಸತಲ್ಲ ಬಿಡಿ.

ನಾಯಿಯ ಬಗ್ಗೆ ಜನರಿಗೆ ಭಾರಿ ನಂಬಿಕೆ. ಶ್ವಾನ ದಳ ಬಂತೆಂದರೆ ಊರಿಗೆ ಊರೇ ಸೇರುತ್ತದೆ, ಸೇರಿದವರೆಲ್ಲ ಅಂಗಳ ತುಳಿದು ವಾಸನೆ ಕೆಡಿಸುತ್ತಾರೆ. ನಮ್ಮ ಮಳೆಗಾಲದಲ್ಲಂತೂ ಒಂದು ಜಡಿಮಳೆ ಹೊಡೆದರೆ ಮುಗಿಯಿತು. ನಾಯಿ ಸಾಮಾನ್ಯವಾಗಿ ಡಾಂಬರು ರಸ್ತೆಯವರೆಗೆ ಹೋಗಿ ನಿಲ್ಲುತ್ತದೆ. ಅದೂ ಒಂದು ಮಾಹಿತಿಯೇ: ಅಲ್ಲಿ ಗಾಡಿ ನಿಂತಿತ್ತು, ಇಂಥ ದಿಕ್ಕಿನಿಂದ ಬಂದು ಹತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಅಷ್ಟರಿಂದಲೇ ಯಾರಿಗೂ ಶಿಕ್ಷೆ ಆಗುವುದಿಲ್ಲ.

ಇನ್ನು ದೂರು. ನನ್ನ ಮಟ್ಟಿಗೆ ರಿಕವರಿಯ ಅರ್ಧ ಭವಿಷ್ಯ ತೀರ್ಮಾನವಾಗುವುದು ಇಲ್ಲೇ. "ಮನೆಯಲ್ಲಿದ್ದ ಬಂಗಾರದ ಒಡವೆಗಳು, ಅಂದಾಜು ಇಷ್ಟು ಲಕ್ಷ" ಎಂದು ಬರೆದುಕೊಟ್ಟರೆ ಅದರಿಂದ ಯಾವ ಪೊಲೀಸನೂ ಯಾವ ಒಡವೆಯನ್ನೂ ಗುರುತಿಸಲಾರ. ಎರಡೆಳೆ ಕರಿಮಣಿ ಸರ, ಅದರ ತಾಳಿಯ ಆಕಾರ, ಒಂದು ಕೊಂಡಿ ತುಂಡಾಗಿ ಬೆಸುಗೆ ಹಾಕಿಸಿದ್ದು. ಅವಲಕ್ಕಿ ಸರದ ಪದಕದಲ್ಲಿ ಒಂದು ಕೆಂಪು ಕಲ್ಲು ಉದುರಿದ್ದು. ಪಾಟಲಿ ಬಳೆಯ ಒಳಬದಿಯಲ್ಲಿ ಅಕ್ಕಸಾಲಿಯ ಮುದ್ರೆ ಇದ್ದದ್ದು. ಹೀಗೆ ಬರೆಸಬೇಕು. ಒಡವೆಯ ಚಂದಕ್ಕಿಂತ ಅದರ ಊನವೇ ನಮಗೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಚಂದದ ಸರ ನೂರಾರು ಇರುತ್ತವೆ, ಅದೇ ಜಾಗದಲ್ಲಿ ಬೆಸುಗೆ ಹಾಕಿದ ಸರ ಒಂದೇ.

ತೂಕ ಹೇಳುವಾಗ ಗ್ರಾಂ ಲೆಕ್ಕವನ್ನೇ ಹೇಳಿ. ತೊಲ ಎಂದರೆ ಹಳಬರಿಗೆ ಹನ್ನೊಂದೂವರೆ ಗ್ರಾಮಿಗೂ ತುಸು ಹೆಚ್ಚು, ಈಗಿನ ಎಷ್ಟೋ ಅಂಗಡಿಗಳಲ್ಲಿ ಬರೀ 10. ಪವನು ಅಂದರೆ 8. ಇಪ್ಪತ್ತು ತೊಲ ಹೋಯಿತು ಎಂದರೆ ಈ ಎರಡು ಲೆಕ್ಕದ ನಡುವೆ ಮೂವತ್ತು ಗ್ರಾಮಿಗೂ ಹೆಚ್ಚು ವ್ಯತ್ಯಾಸ. ಮುಂದೆ ಕೋರ್ಟಿನಲ್ಲಿ ಕಳ್ಳನ ವಕೀಲರು ಹಿಡಿದು ಜಗ್ಗುವುದು ಇದನ್ನೇ. ಹಳೆಯ ಒಡವೆಯೊಳಗೆ ಅರಗು ತುಂಬಿರುತ್ತದೆ, ಕಲ್ಲು ಮಣಿ ಇರುತ್ತವೆ. ಅದು ಸೇರಿದ ತೂಕವೋ ಬರೀ ಬಂಗಾರದ್ದೋ ಎಂದೂ ಹೇಳಬೇಕು.

"ಬಿಲ್ ಎಲ್ಲಿಂದ ತರೋದು, ಅತ್ತೆಯವರ ಕಾಲದ್ದು" ಎನ್ನುತ್ತೀರಿ. ಸರಿ. ಮದುವೆ ಆಲ್ಬಂ ಇದೆಯಲ್ಲ? ಸೊಸೆಯ ಸೀಮಂತದ ಫೋಟೋ, ಮೊಮ್ಮಗನ ನಾಮಕರಣದ ವಿಡಿಯೋ? ಅದರಲ್ಲಿ ಕೊರಳು ಕೈ ಸ್ಪಷ್ಟ ಕಾಣುವ ಎರಡು ಫೋಟೋ ಸಾಕು. ಒಡವೆ ಮಾಡಿದ, ರಿಪೇರಿ ಮಾಡಿದ ಶೇಟ್ರು ಇನ್ನೂ ಇದ್ದರೆ ಅವರೂ ಗುರುತು ಹೇಳಬಹುದು. ಬೆಳೆಸಾಲಕ್ಕೆಂದು ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಯಾವತ್ತೋ ಆ ಬಂಗಾರ ಅಡವಿಟ್ಟಿದ್ದರೆ ಅಲ್ಲಿಯ ಅಪ್ರೈಸರ್ ತೂಗಿ ಬರೆದ ಚೀಟಿ ಇರುತ್ತದೆ. ಆಗ ಅಡವಿಟ್ಟೆವಲ್ಲ ಎಂದು ನಾಚಿಕೊಂಡಿದ್ದವರಿಗೆ ಈಗ ಅದೇ ಚೀಟಿ ಒಳ್ಳೆಯ ದಾಖಲೆ.

ಇನ್ನೊಂದು ಹೆದರಿಕೆ ಇದೆ, ಜನ ಬಾಯಿಬಿಟ್ಟು ಹೇಳುವುದಿಲ್ಲ. ಪೂರ್ತಿ ಬಂಗಾರ ಹೇಳಿದರೆ ಇನ್ಕಂ ಟ್ಯಾಕ್ಸಿನವರು ಬಂದಾರು ಎಂದು ಕಡಿಮೆ ಬರೆಸುತ್ತಾರೆ. 1994ರ ಮೇ ತಿಂಗಳ ಸುತ್ತೋಲೆಯೊಂದಿದೆ. ತೆರಿಗೆ ದಾಳಿಯ ಹೊತ್ತಿನಲ್ಲೇ ಆಗಲಿ, ಮದುವೆಯಾದ ಹೆಂಗಸಿಗೆ 500 ಗ್ರಾಂ, ಮದುವೆಯಾಗದವಳಿಗೆ 250, ಗಂಡಸಿಗೆ 100 ಗ್ರಾಂವರೆಗಿನ ಒಡವೆಯನ್ನು ಜಪ್ತಿ ಮಾಡಬೇಡಿ ಎಂದು ಅಧಿಕಾರಿಗಳಿಗೆ ಹೇಳಿದ್ದು ಅದು. ಸಾಧಾರಣ ಸಂಸಾರದ ಬಂಗಾರ ಆ ಮಿತಿಯನ್ನು ದಾಟುವುದು ಅಪರೂಪ. ಕಡಿಮೆ ಬರೆಸಿದವರ ಪಾಡು ಏನಾಗುತ್ತದೆ ಎಂದರೆ, ಕಳ್ಳ ಎಂಟು ಒಡವೆ ತೋರಿಸುತ್ತಾನೆ, ದೂರಿನಲ್ಲಿ ಐದೇ ಇರುತ್ತದೆ. ಉಳಿದ ಮೂರನ್ನು ನನ್ನದು ಎಂದು ಹೇಳಲು ಬಾಯಿ ಬರುವುದಿಲ್ಲ. ಹೆಚ್ಚು ಬರೆಸುವವರೂ ಇದ್ದಾರೆ, ಅವರ ಕಥೆ ಕೋರ್ಟಿನಲ್ಲಿ ಇನ್ನೂ ಬೇಗ ಬಿದ್ದು ಹೋಗುತ್ತದೆ.

ಮಾಲು ಹೋಗುವ ದಾರಿಯ ವಿಷಯಕ್ಕೆ ಬರೋಣ. ನಮ್ಮ ಜಿಲ್ಲೆಯ ಭೂಗೋಳ ಪೊಲೀಸರಿಗೆ ಸ್ವಲ್ಪ ಅನುಕೂಲ, ಸ್ವಲ್ಪ ತೊಂದರೆ. ಶಿರಸಿಯಿಂದ ಕೆಳಗಿಳಿಯಲು ದೇವಿಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲೆಗೆ ಅರಬೈಲು, ಹೀಗೆ ಎಣಿಸಿದಷ್ಟೇ ದಾರಿ. ಕರಾವಳಿಗೆ ಇಳಿದರೆ 66ನೇ ಹೆದ್ದಾರಿ. ಅಂಕೋಲೆಯ ಹಟ್ಟಿಕೇರಿ, ಕುಮಟೆಯ ಹೊಳೆಗದ್ದೆ ಟೋಲ್‌ಗಳಲ್ಲಿ ಕ್ಯಾಮೆರಾ ಮತ್ತು ಫಾಸ್ಟ್ಯಾಗ್ ಸಮಯ ಸಿಗುತ್ತದೆ. ಇದು ಅನುಕೂಲ. ತೊಂದರೆ ಏನೆಂದರೆ, ಮಾಜಾಳಿ ದಾಟಿದರೆ ಗೋವಾ, ಯಲ್ಲಾಪುರ ದಾಟಿದರೆ ಹುಬ್ಬಳ್ಳಿ, ಬನವಾಸಿಯ ಕಡೆಯಿಂದ ಹಾವೇರಿ, ಮಾವಿನಗುಂಡಿಯ ಕಡೆಯಿಂದ ಸಾಗರ. ಜತೆಗೆ ಕೊಂಕಣ ರೈಲು. ನೀವು ಬೆಳಿಗ್ಗೆ ಕಂಡು ಮಧ್ಯಾಹ್ನ ದೂರು ಕೊಡುವಷ್ಟರಲ್ಲಿ ಮಾಲು ಜಿಲ್ಲೆಯೊಳಗೆ ಇರಬೇಕೆಂದಿಲ್ಲ. ಆದ್ದರಿಂದ ಮೊದಲ ದಿನ ಕ್ರೈಂ ಸಿಬ್ಬಂದಿ ಮನೆಯ ಹತ್ತಿರ ಕಾಣಿಸದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಅವರು ಯಾವುದೋ ಪೆಟ್ರೋಲ್ ಬಂಕಿನಲ್ಲಿ ಕೂತು ಹಿಂದಿನ ರಾತ್ರಿಯ ಫೂಟೇಜ್ ನೋಡುತ್ತಿರಬಹುದು. ಆ ಫೂಟೇಜ್ ಕೆಲವೇ ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ, ಮನೆ ಎಲ್ಲೂ ಓಡಿಹೋಗುವುದಿಲ್ಲ.

ಇನ್ನೊಂದು ಕಡೆ ಹಳೆಯ ದಾಖಲೆ ತೆಗೆಯುತ್ತಾರೆ. ಹೆಂಚು ತೆಗೆದು ಇಳಿಯುವವನು ಬೇರೆ, ಕಿಟಕಿಯ ಸರಳು ಬಗ್ಗಿಸುವವನು ಬೇರೆ, ಹಗಲು ಹೊತ್ತು ಬೀಗ ಮುರಿಯುವವನು ಬೇರೆ. ಕಳ್ಳರು ತಮ್ಮ ಪದ್ಧತಿ ಸುಲಭಕ್ಕೆ ಬಿಡುವುದಿಲ್ಲ. ಹೀಗೆ ಯಾರ ಕೈವಾಡ ಎಂದು ಅಂದಾಜಾದ ಮೇಲೆ ಅವನು ಜೈಲಿನಲ್ಲಿದ್ದಾನೋ ಹೊರಗಿದ್ದಾನೋ, ಹೊರಗಿದ್ದರೆ ಆ ರಾತ್ರಿ ಅವನ ಮೊಬೈಲ್ ಯಾವ ಟವರಿನಲ್ಲಿತ್ತು ಎಂದು ನೋಡುವುದು.

ಇಷ್ಟೆಲ್ಲ ಮಾಡಿಯೂ ನಿಜ ಹೇಳಬೇಕೆಂದರೆ, ಎಷ್ಟೋ ಪ್ರಕರಣದಲ್ಲಿ ಮಾಲು ಸಿಗುವುದು ನಾವು ಹುಡುಕಿದ್ದರಿಂದಲ್ಲ. ಇನ್ನೆಲ್ಲೋ ಶಿವಮೊಗ್ಗದಲ್ಲೋ ಉಡುಪಿಯಲ್ಲೋ ಬೇರೆ ಕಳವಿನಲ್ಲಿ ಅವನು ಸಿಕ್ಕಿಬೀಳುತ್ತಾನೆ. ವಿಚಾರಣೆಯಲ್ಲಿ "ಶಿರಸಿ ಕಡೆ ಎರಡು ಮನೆ ಮಾಡಿದ್ದೆ" ಎನ್ನುತ್ತಾನೆ. ಅಲ್ಲಿಂದ ಫೋನ್ ಬರುತ್ತದೆ, ಇಲ್ಲಿಯವರು ಬಾಡಿ ವಾರಂಟ್ ಮೇಲೆ, ಅಂದರೆ ಬೇರೆ ಕಡೆ ಬಂಧನದಲ್ಲಿರುವವನನ್ನು ಕರೆತರಲು ಕೋರ್ಟು ಕೊಡುವ ಆದೇಶದ ಮೇಲೆ, ಅವನನ್ನು ಕರೆತರುತ್ತಾರೆ. ಅಷ್ಟು ಹೊತ್ತಿಗೆ ನಿಮ್ಮ ಪ್ರಕರಣದಲ್ಲಿ ಪತ್ತೆಯಾಗಿಲ್ಲ ಎಂದು ಸಿ ರಿಪೋರ್ಟ್ ಹೋಗಿರಲೂಬಹುದು. ಸಿ ರಿಪೋರ್ಟ್ ಹೋದರೆ ಕಡತಕ್ಕೆ ಸಮಾಧಿ ಕಟ್ಟಿದಂತೇನೂ ಅಲ್ಲ. ಸುಳಿವು ಸಿಕ್ಕರೆ ಮತ್ತೆ ತೆರೆಯುತ್ತಾರೆ. ಆಗ ಆ ಹೊಸ ತನಿಖಾಧಿಕಾರಿಗೆ ನಿಮ್ಮ ಮನೆ ಗೊತ್ತಿಲ್ಲ, ನೀವು ಗೊತ್ತಿಲ್ಲ. ಅವನ ಕೈಯಲ್ಲಿರುವುದು ನೀವು ಮೊದಲ ದಿನ ಬರೆಸಿದ ವರ್ಣನೆ ಒಂದೇ. ಉದುರಿದ ಕೆಂಪು ಕಲ್ಲು, ಬೆಸುಗೆ ಎಂದೆನಲ್ಲ, ಅವು ಕೆಲಸಕ್ಕೆ ಬರುವುದು ಈ ಹೊತ್ತಿನಲ್ಲಿ.

ಕಳ್ಳ ಬಂಗಾರ ತಿನ್ನುವುದಿಲ್ಲ, ಮಾರುತ್ತಾನೆ ಅಥವಾ ಅಡವಿಡುತ್ತಾನೆ. ಅಡವಿಟ್ಟಿದ್ದರೆ ನಮ್ಮ ಅದೃಷ್ಟ. ಹೆಚ್ಚಾಗಿ ಅವನ ಹೆಂಡತಿಯ, ತಾಯಿಯ, ಇಲ್ಲವೇ ಗೆಳೆಯನ ಹೆಸರಿನಲ್ಲಿ ಗೋಲ್ಡ್ ಲೋನ್ ಕೊಡುವ ಕಡೆ ಇಟ್ಟಿರುತ್ತಾರೆ. ಅಲ್ಲಿ ಒಡವೆ ಇದ್ದ ಹಾಗೇ ಇರುತ್ತದೆ, ಫೋಟೋ ಇರುತ್ತದೆ, ಇಟ್ಟವರ ಆಧಾರ್ ಇರುತ್ತದೆ. ಗಿರವಿ ಅಂಗಡಿಯವರೂ ಲೈಸೆನ್ಸ್ ಪಡೆದು, ಲೆಕ್ಕದ ಪುಸ್ತಕ ಇಡಬೇಕು. ಅದಕ್ಕೆ 1961ರ ಕಾಯ್ದೆಯೇ ಇದೆ. ಹೀಗೆ ಸಿಕ್ಕ ಒಡವೆಯನ್ನು ಜಪ್ತಿ ಮಾಡಿದಾಗ ಸಾಲ ಕೊಟ್ಟವರು ಗೋಳಾಡುತ್ತಾರೆ, ನಮ್ಮ ದುಡ್ಡು ಹೋಯಿತು ಎಂದು. ಏನು ಮಾಡುವುದು, ಕಳ್ಳನಿಗೆ ಇಲ್ಲದ ಹಕ್ಕನ್ನು ಅವನು ಇನ್ನೊಬ್ಬರಿಗೆ ಕೊಡಲಾರ. ಅವರು ದುಡ್ಡನ್ನು ಕಳ್ಳನಿಂದಲೇ ವಸೂಲು ಮಾಡಿಕೊಳ್ಳಬೇಕು.

ಕಷ್ಟ ಶುರುವಾಗುವುದು ಕರಗಿಸಿದಾಗ. ಮೂರು ಮನೆಯ ಸರ, ಬಳೆ, ಓಲೆ ಎಲ್ಲ ಸೇರಿ ಒಂದು ಗಟ್ಟಿಯಾಗಿ ಬಂದರೆ ಯಾರದೆಂದು ಹೇಳುವುದು? ಅಘನಾಶಿನಿಯ ನೀರು ತದಡಿಯಲ್ಲಿ ಕಡಲಿಗೆ ಸೇರಿದ ಮೇಲೆ ಇದು ಶಿರಸಿಯದು ಎಂದು ಬೊಗಸೆಯಲ್ಲಿ ತೆಗೆದು ತೋರಿಸಲಾದೀತೇ? ಆಗ ಕಳ್ಳನ ಹೇಳಿಕೆ, ಮಾರಿದ ತಾರೀಖು, ತೂಕ, ಅಂಗಡಿಯ ಪುಸ್ತಕ ಇವನ್ನೆಲ್ಲ ಜೋಡಿಸಿ ಕೋರ್ಟಿನ ಮುಂದಿಡಬೇಕಾಗುತ್ತದೆ. ಕದ್ದ ಮಾಲೆಂದು ಗೊತ್ತಿದ್ದೂ ಕೊಂಡವನಿಗೆ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ 3 ವರ್ಷದವರೆಗೆ ಶಿಕ್ಷೆ ಉಂಟು. ಅದನ್ನೇ ದಂಧೆ ಮಾಡಿಕೊಂಡವನಿಗೆ 10 ವರ್ಷ, ಇಲ್ಲವೇ ಜೀವಾವಧಿ. ಕನ್ನ ಹಾಕಿದವನಿಗಿಂತ ಕಾಯಂ ಕೊಳ್ಳುವವನ ಮೇಲೆ ಕಾನೂನು ಕಣ್ಣು ಕೆಂಪಗೆ ಮಾಡಿದ್ದು ನನಗೆ ಸರಿ ಎನಿಸುತ್ತದೆ. ಕೊಳ್ಳುವವನು ಇಲ್ಲದಿದ್ದರೆ ನಿಮ್ಮ ಪಾಟಲಿ ತಗೊಂಡು ಅವನೇನು ಮಾಡುತ್ತಾನೆ?

ಇಲ್ಲಿ ನಮ್ಮವರ ಬಗ್ಗೆಯೂ ಒಂದು ಮಾತು ಹೇಳಬೇಕು. ಮಾಲು ಸಿಗದಿದ್ದಾಗ ತೂಕಕ್ಕೆ ತೂಕ ಬಂಗಾರ ತಂದುಕೊಡಿ ಎಂದು ಅಂಗಡಿಯವರ ಮೇಲೆ ಪೊಲೀಸರು ಒತ್ತಡ ಹಾಕುತ್ತಾರೆ ಎಂದು ಚಿನ್ನದ ವ್ಯಾಪಾರಿಗಳು ದೂರುವುದುಂಟು. ಪತ್ರಿಕೆಯ ಫೋಟೋದಲ್ಲಿ ಮೇಜಿನ ತುಂಬ ಬಂಗಾರ ಕಾಣಬೇಕೆಂಬ ಆಸೆ ಮೇಲಿನಿಂದ ಕೆಳಗಿನವರೆಗೂ ಇರುತ್ತದೆ. ಆದರೆ ಹಾಗೆ ತಂದ ಬಂಗಾರ ನಿಮ್ಮದೂ ಅಲ್ಲ, ಕಳ್ಳನದೂ ಅಲ್ಲ. ಸಾಕ್ಷಿಕಟ್ಟೆಯಲ್ಲಿ ನಿಂತು "ಇದು ನನ್ನ ಸರವೇ" ಎಂದು ನೀವು ಸುಳ್ಳು ಹೇಳಬೇಕಾಗುತ್ತದೆ.

ಸರಿಯಾದ ರಿಕವರಿ ಹೇಗಿರುತ್ತದೆ? ಪೊಲೀಸರ ಮುಂದೆ ಕಳ್ಳ ತಪ್ಪೊಪ್ಪಿಕೊಂಡರೆ ಅದು ಸಾಕ್ಷ್ಯವಲ್ಲ. ಆದರೆ "ಇಂಥ ಕಡೆ ಹೂತಿಟ್ಟಿದ್ದೇನೆ, ತೋರಿಸುತ್ತೇನೆ" ಎಂದು ಹೇಳಿ, ಅಲ್ಲಿ ಮಾಲು ಸಿಕ್ಕಿತೆಂದರೆ ಅಷ್ಟು ಮಾತಿಗೆ ಬೆಲೆ ಬರುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ 27ನೇ ಕಲಂ ಇದ್ದದ್ದು ಈಗ ಹೊಸ ಸಾಕ್ಷ್ಯ ಕಾನೂನಿನ 23ನೇ ಕಲಂನಲ್ಲಿ ಸೇರಿದೆ. ಅದಕ್ಕೆ ಪಂಚರು ಬೇಕು, ಮಹಜರು ಬೇಕು. 2024ರ ಜುಲೈ 1ರಿಂದ ಹೊಸ ಕಾನೂನು ಜಾರಿಗೆ ಬಂದ ಮೇಲೆ ಜಪ್ತಿಯನ್ನು ವಿಡಿಯೋ ಮಾಡುವುದೂ ಕಡ್ಡಾಯ, ಮೊಬೈಲಿನಲ್ಲಾದರೂ ಸರಿ. ಪಂಚರಾಗಿ ಬನ್ನಿ ಎಂದರೆ ನಮ್ಮೂರಲ್ಲಿ ಎಲ್ಲರಿಗೂ ಆ ಹೊತ್ತಿಗೇ ತೋಟಕ್ಕೆ ನೀರು ಬಿಡಬೇಕಾಗಿರುತ್ತದೆ! ಬಂದವರೂ ಆರು ವರ್ಷದ ನಂತರ ಕೋರ್ಟಿನಲ್ಲಿ "ಸಹಿ ನಂದೇ, ಬೇರೆ ಏನೂ ಗೊತ್ತಿಲ್ಲ" ಎಂದುಬಿಡುತ್ತಾರೆ. ಈಗ ವಿಡಿಯೋ ಇರುವುದರಿಂದ ಹಾಗೆ ಹೇಳುವುದು ಸ್ವಲ್ಪ ಕಷ್ಟ.

ಮಾಲು ಠಾಣೆಗೆ ಬಂತು. ಮನೆಗೆ ಬರುವುದು ಯಾವಾಗ? ಪೊಲೀಸರು ಸೀದಾ ನಿಮ್ಮ ಕೈಗೆ ಕೊಡುವಂತಿಲ್ಲ. ಪಿ.ಎಫ್., ಅಂದರೆ ಪ್ರಾಪರ್ಟಿ ಫಾರ್ಮ್ (ಜಪ್ತಿ ಮಾಲಿನ ಪಟ್ಟಿ) ನಂಬರ್ ಹಾಕಿ ಕೋರ್ಟಿಗೆ ವರದಿ ಮಾಡಬೇಕು, ನೀವು ಮ್ಯಾಜಿಸ್ಟ್ರೇಟರ ಮುಂದೆ ಮಧ್ಯಂತರವಾಗಿ ನಮ್ಮ ವಶಕ್ಕೆ ಕೊಡಿ ಎಂದು ಅರ್ಜಿ ಹಾಕಬೇಕು. ಬಾಂಡ್ ಕೊಟ್ಟು, ಜಾಮೀನುದಾರರನ್ನು ಕರೆದುಕೊಂಡು ಹೋಗಬೇಕಾಗಬಹುದು. ಪ್ರಾಪರ್ಟಿ ಪರೇಡ್ ಎಂದು ಸಮಾರಂಭ ಮಾಡಿ ಎಸ್ಪಿ ಸಾಹೇಬರು ಒಡವೆ ಕೈಗಿಡುವುದನ್ನು ನೋಡಿರುತ್ತೀರಿ, ಅದರ ಹಿಂದೆ ಇಷ್ಟೂ ಕೆಲಸ ನಡೆದಿರುತ್ತದೆ.

ಹಿಂದೆ ಮೊಕದ್ದಮೆ ಮುಗಿಯುವ ತನಕ ಮಾಲು ಅಲ್ಲೇ ಕೊಳೆಯುತ್ತಿತ್ತು. ಆಗಿನ ಮೈಸೂರು ರಾಜ್ಯದ ಒಂದು ಪ್ರಕರಣದಲ್ಲಿ ವಶಪಡಿಸಿಕೊಂಡ ಒಡವೆಗಳು ಪೊಲೀಸರ ಸುಪರ್ದಿನಲ್ಲಿದ್ದಾಗಲೇ ಮಾಯವಾದವು. ಕೆಳಗಿನ ಕೋರ್ಟುಗಳಲ್ಲಿ ಪರಿಹಾರ ಸಿಗದೆ ಒಡವೆ ಕಳೆದುಕೊಂಡ ತಾಯಿ ಸುಪ್ರೀಂ ಕೋರ್ಟಿನವರೆಗೆ ಹೋದರು. ಒಡವೆಯ ಬೆಲೆಯನ್ನು ಸರ್ಕಾರವೇ ಕೊಡಬೇಕು ಎಂದು 1977ರಲ್ಲಿ ತೀರ್ಪಾಯಿತು. 2002ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅದೇ ಕೋರ್ಟು ಇನ್ನೂ ಮುಂದೆ ಹೋಗಿ, ವಶಪಡಿಸಿಕೊಂಡ ವಸ್ತುವನ್ನು ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳಿಗಿಂತ ಜಾಸ್ತಿ ಠಾಣೆಯಲ್ಲಿ ಇಡಬೇಡಿ, ಫೋಟೋ ತೆಗೆದು ಮಾಲೀಕರಿಗೆ ಕೊಡಿ ಎಂದಿತು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ತನಿಖೆ, ವಿಚಾರಣೆಯ ಕ್ರಮ ಹೇಳುವ ಹೊಸ ಕಾನೂನು) 497ನೇ ಕಲಂನಲ್ಲಿ ಅದು ಕಾನೂನೇ ಆಗಿದೆ: 14 ದಿನದಲ್ಲಿ ವಸ್ತುವಿನ ವಿವರಪಟ್ಟಿ, ಫೋಟೋ ಅಥವಾ ವಿಡಿಯೋ, ಅಲ್ಲಿಂದ 30 ದಿನದಲ್ಲಿ ಆದೇಶ. ಅರ್ಜಿ ಹಾಕುವಾಗ ವಕೀಲರಿಗೆ ಈ ಕಲಂ ನೆನಪಿಸಿ.

ಒಡವೆ ಕೈಗೆ ಬಂದ ಮೇಲೆ ಆದೇಶವನ್ನು ಪೂರ್ತಿ ಓದಿ. ಮಾರಬಾರದು, ರೂಪ ಬದಲಿಸಬಾರದು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಕಳ್ಳ ಮುಟ್ಟಿದ ತಾಳಿ ಮೈಲಿಗೆ ಎಂದು ಕರಗಿಸಿ ಹೊಸದು ಮಾಡಿಸುವ ಆತುರ ಹೆಂಗಸರಿಗೆ ಇರುತ್ತದೆ, ಅರ್ಥವಾಗುತ್ತದೆ. ಆದರೆ ಕೋರ್ಟಿಗೆ ಕೇಳದೆ ಮಾಡಬೇಡಿ.

ಸಭಿಕರ ಪ್ರಶ್ನೆಗಳು

ನಗದು ಸಿಗುತ್ತದೆಯೇ ಎಂದು ಕೇಳಿದ್ದಾರೆ. ಬಹಳ ಕಡಿಮೆ. ನೋಟಿಗೆ ಗುರುತಿಲ್ಲ, ಮೊದಲು ಖರ್ಚಾಗುವುದೂ ಅದೇ. ಬ್ಯಾಂಕಿನ ಚೀಟಿ ಸುತ್ತಿದ ಕಟ್ಟು ಹಾಗೇ ಸಿಕ್ಕರೆ ಉಂಟು.

ಮೊಬೈಲ್ ಹೋಗಿದ್ದರೆ ಬಂಗಾರಕ್ಕಿಂತ ಸುಲಭ. ಐಎಂಇಐ, ಅಂದರೆ ಆ ಮೊಬೈಲಿನದೇ ಗುರುತಿನ ನಂಬರ್, ಡಬ್ಬಿಯ ಮೇಲೆ ಇರುತ್ತದೆ. ದೂರು ಕೊಟ್ಟು ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿಸಿದರೆ ಬೇರೆ ಸಿಮ್ ಹಾಕಿದಾಗ ಠಾಣೆಗೆ ಸುಳಿವು ಬರುತ್ತದೆ. ಡಬ್ಬಿಯನ್ನು ಗುಜರಿಗೆ ಹಾಕಬೇಡಿ.

ಹೊಸ ಒಡವೆಯ ಮೇಲಿನ ನಂಬರಿನಿಂದ ಮಾಲೀಕರು ಗೊತ್ತಾಗುವುದಿಲ್ಲವೇ? ಎಚ್‌ಯುಐಡಿ ಎಂಬ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಗುರುತು 2023ರ ಏಪ್ರಿಲ್ 1ರಿಂದ ಕಡ್ಡಾಯವಾಯಿತು. ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಆಭರಣದ ಅಂಗಡಿ, ಶುದ್ಧತೆ ಬರುತ್ತದೆ, ಕೊಂಡವರ ಹೆಸರು ಬರುವುದಿಲ್ಲ. ಆದರೆ ನಿಮ್ಮ ಬಿಲ್ಲಿನಲ್ಲಿ ಆ ನಂಬರ್ ಬರೆಸಿಕೊಂಡಿದ್ದರೆ ಗುರುತು ಹಿಡಿಯುವ ತಂಟೆಯೇ ಇಲ್ಲ. ಕರಗಿಸದಿದ್ದರೆ, ಅಷ್ಟೇ.

ಲಾಕರ್ ಪೂರ್ತಿ ಭದ್ರವೇ? ಮನೆಗಿಂತ ಭದ್ರ. ಆದರೆ ಅಲ್ಲಿ ಕಳವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ. 2022ರಿಂದ ರಿಸರ್ವ್ ಬ್ಯಾಂಕಿನ ನಿಯಮ ಅದು. ಎರಡು ಸಾವಿರ ಬಾಡಿಗೆಯಾದರೆ ಎರಡು ಲಕ್ಷ. ಲೆಕ್ಕ ನೀವೇ ಹಾಕಿಕೊಳ್ಳಿ.

ಕೊನೆಯದಾಗಿ ಹೆಗಡೇರು ಅಡಿಕೆಯ ಬಗ್ಗೆ ಕೇಳಿದ್ದಾರೆ. ಇದು ನಮ್ಮೂರಿನ ನಿಜವಾದ ಪ್ರಶ್ನೆ. ಅಟ್ಟದ ಮೇಲಿನ ಚಾಲಿ (ಒಣಗಿಸಿ ಸುಲಿದ ಅಡಿಕೆ) ಚೀಲ, ಮೆಣಸಿನ ಮೂಟೆ ಹೋದರೆ ಬಂಗಾರಕ್ಕಿಂತ ಹುಡುಕುವುದು ಕಷ್ಟ, ಯಾಕೆಂದರೆ ಎಲ್ಲರ ಚಾಲಿಯೂ ಚಾಲಿಯೇ. ಆದರೆ ಮಾರುವವನಿಗೆ ಒಂದು ತೊಂದರೆ ಇದೆ. ಸೊಸೈಟಿಗೆ ಹಾಕಬೇಕೆಂದರೆ ಸದಸ್ಯತ್ವ ಬೇಕು, ಆದ್ದರಿಂದ ಬಿಡಿ ವ್ಯಾಪಾರಿಯ ಹತ್ತಿರ ಹೋಗಬೇಕು. ತೋಟವೇ ಇಲ್ಲದವನು ನಾಲ್ಕು ಚೀಲ ಚಾಲಿ ತಂದನೆಂದರೆ ಪೇಟೆಯಲ್ಲಿ ಯಾರಾದರೂ ನೆನಪಿಟ್ಟಿರುತ್ತಾರೆ, ನಾವು ಹೋಗಿ ವಿಚಾರಿಸುವುದೂ ಅದನ್ನೇ. ದೂರು ಕೊಡುವಾಗ ಚಾಲಿಯೋ ರಾಶಿಯೋ ಬಿಳೆಗೋಟೋ, ಯಾವ ಕೊಯ್ಲಿನದು, ಎಷ್ಟು ಚೀಲ, ಪ್ರತಿ ಚೀಲ ಎಷ್ಟು ಕಿಲೋ, ಚೀಲ ಗೊಬ್ಬರದ್ದೋ ಸಕ್ಕರೆಯದ್ದೋ, ಮೇಲೆ ಏನು ಅಚ್ಚಾಗಿತ್ತು ಎಂದು ಹೇಳಿ. ಬಾಯಿ ಹೊಲಿದ ದಾರದ ಬಣ್ಣ ನೆನಪಿದ್ದರೆ ಅದನ್ನೂ ಬರೆಸಿ.